ಮೂರು ಪ್ರತಿ ಮುಚ್ಚಳಿಕೆ

ಧಾರವಾಡದ ಕೋರ್ಟಿನ ಹತ್ತಿರದ ಓಣಿಯಲ್ಲಿ ನಮ್ಮ ಸಾಹೇಬರ ವಕೀಲಿ ಆಫೀಸು ಇತ್ತು. ತೊಂಬತ್ತೊಂದರಲ್ಲಿ ನಾನು ಅಲ್ಲಿ ಗುಮಾಸ್ತನಾಗಿ ಸೇರಿದಾಗ ಅವರು ಕಲಿಸಿದ ಮೊದಲ ಕೆಲಸ ಟೈಪಿಂಗ್ ಅಲ್ಲ, ಚೀಟಿ ಅಂಟಿಸುವುದು. ಸರಕಾರ ಒಂದು ಕಾಯ್ದೆ ತಿದ್ದಿತು ಅಂತ ದಪ್ಪ ದಪ್ಪ ಪುಸ್ತಕಗಳನ್ನೆಲ್ಲ ಹೊಸದಾಗಿ ಕೊಳ್ಳುವುದು ಯಾರಿಂದ ಸಾಧ್ಯ? ಹೊಸ ಮಾತನ್ನು ಸಣ್ಣ ಚೀಟಿಯಲ್ಲಿ ಟೈಪ್ ಮಾಡಿ ಹಳೆಯ ಕಲಮಿನ ಮೇಲೆ ಅಂಟಿಸಬೇಕು. ಮೈದಾಹಿಟ್ಟು ಕುದಿಸಿ ಅಂಟು ಮಾಡುವುದೂ ನನ್ನ ಪಾಲಿಗೇ. ಮೊದಲ ದಿನ ನಾನು ಭಾಳ ಶಿಸ್ತಿನಿಂದ ನಾಲ್ಕೂ ಅಂಚಿಗೆ ಅಂಟು ಬಳಿದು, ಅಂಗೈಯಿಂದ ಒತ್ತಿ, ಪುಸ್ತಕವನ್ನು ಅವರ ಮುಂದೆ ಹಿಡಿದೆ. ಸಾಹೇಬರು ಕನ್ನಡಕ ಹಣೆಗೇರಿಸಿದರು.

“ಏನೋ, ಗ್ವಾಡಿಗೆ ಪೋಸ್ಟರ್ ಹಚ್ಚೀಯೇನು? ಒಂದ ಅಂಚಿಗೆ ಹಚ್ಚಬೇಕಪಾ. ಎತ್ತಿ ನೋಡಿದ್ರ ಹಳೇದು ಕಾಣಬೇಕು.”

“ಹಳೇದು ರದ್ದಾತಲ್ರಿ ಸಾಹೇಬ್ರ?”

“ಇವತ್ತಿಗೆ ರದ್ದಾತು. ಹೋದ ವರ್ಷ ತಪ್ಪು ಮಾಡಿದಾಂವಗ ಹೋದ ವರ್ಷದ ಕಾಯ್ದೆನ. ತಿಳೀತಿಲ್ಲೋ?”

ತಿಳೀತ್ರಿ ಅಂದೆ. ಏನೂ ತಿಳಿದಿರಲಿಲ್ಲ. ಅಂದಿನಿಂದ ಒಂದೇ ಅಂಚಿಗೆ ಅಂಟು ಹಚ್ಚತೊಡಗಿದೆ.

ಆ ಪುಸ್ತಕಗಳಲ್ಲಿ ಒಂದು ಕಲಮು ನನ್ನದು. ಐಪಿಸಿಯ ಮುನ್ನೂರ ಎಪ್ಪತ್ತೇಳು. ಸೇರಿದ ತಿಂಗಳಲ್ಲೇ ಹುಡುಕಿ ಓದಿದ್ದೆ. ನಿಸರ್ಗಕ್ಕೆ ವಿರುದ್ಧವಾಗಿ ಕೂಡಿದವರಿಗೆ ಜೀವಾವಧಿಯವರೆಗೆ ಜೈಲು. ಇಂಗ್ಲಿಷರು ಬರೆದಿಟ್ಟು ನೂರಮೂವತ್ತು ವರ್ಷವಾಗಿತ್ತು. ಹಿಂದೆಂದೋ ಕರಿನೀರಿನ ಶಿಕ್ಷೆ ಅನ್ನುವುದನ್ನು ತೆಗೆದು ಜೀವಾವಧಿ ಅಂತ ಮಾಡಿದ್ದರು, ಅಷ್ಟೇ ತಿದ್ದುಪಡಿ. ಗಂಡಸಾಗಿ ಗಂಡಸರ ಮೇಲೆ ಮನಸ್ಸಿಡುವವನು ನಾನು ಅಂತ ನನಗೆ ಹದಿನೈದನೇ ವಯಸ್ಸಿಗೇ ಗೊತ್ತಿತ್ತು. ಅದಕ್ಕೊಂದು ನಂಬರು ಇದೆ ಅನ್ನುವುದು ಮಾತ್ರ ಇಪ್ಪತ್ನಾಲ್ಕಕ್ಕೆ ಗೊತ್ತಾಯಿತು. ಹೆದರಿಕೆಗಿಂತ ಹೆಚ್ಚಾಗಿ ಒಂಥರಾ ಜಡ ಹಿಡಿದಂತಾಯಿತು. ಪುಸ್ತಕ ಮುಚ್ಚಿ ಕಪಾಟಿನಲ್ಲಿಟ್ಟು, ಚಹಾ ಹೇಳಿ ಬರಲು ಹೋದೆ.

ಅವನು ಬಂದದ್ದು ತೊಂಬತ್ಮೂರರಲ್ಲಿ, ಒಂದು ಅಫಿಡವಿಟ್ಟಿಗೆ. ಧಾರವಾಡದ ಹೊರಗಿನ ಬೇಲೂರು ಕೈಗಾರಿಕಾ ಪ್ರದೇಶದ ಒಂದು ವರ್ಕ್‌ಶಾಪಿನಲ್ಲಿ ಟರ್ನರ್. ಐಟಿಐ ಸರ್ಟಿಫಿಕೇಟಿನಲ್ಲಿ ಜನ್ಮದಿನಾಂಕ ತಪ್ಪು ಬಿದ್ದಿತ್ತು. ನಾನು ಟೈಪ್ ಮಾಡುವಾಗ ಬೆಂಚಿನಿಂದೆದ್ದು ಬಂದು ಬೆನ್ನ ಹಿಂದೆ ನಿಂತು ನೋಡುತ್ತಿದ್ದ.

“ಎಷ್ಟ ಲಗೂ ಹೊಡೀತೀರಿ! ಕೈಗೆ ಕಣ್ಣ ಅದಾವೇನ್ರಿ?”

“ನಿಮ್ಮ ಲೇತಿನ ಮುಂದ ಇದೇನ್ರಿ.”

“ಲೇತಿನ್ಯಾಗ ತಪ್ಪಿದ್ರ ಬೆರಳ ಹೋಗತೈತ್ರಿ. ನಿಮ್ಮದ್ರಾಗ ಏನ್ ಹೋಗತೈತಿ?”

ನಾನು ಹಾಳೆ ಎಳೆದು ಅವನ ಕೈಗೆ ಕೊಟ್ಟೆ. ಮುಂದಿನ ರವಿವಾರ ಅವನು ಸಪ್ತಾಪುರದಲ್ಲಿದ್ದ ನನ್ನ ಬಾಡಿಗೆ ಖೋಲಿಗೆ ಗಿರ್ಮಿಟ್ ಕಟ್ಟಿಸಿಕೊಂಡು ಬಂದ. ಅದರ ಮುಂದಿನ ರವಿವಾರ ಇಬ್ಬರೂ ನೀ, ನಾ ಅನ್ನುವಷ್ಟಾಗಿತ್ತು. ಉಗುರಿನ ಸಂದಿಯಲ್ಲಿ ಕಬ್ಬಿಣದ ಕಪ್ಪು ಇರುತ್ತಿತ್ತು, ಎಷ್ಟು ತೊಳೆದರೂ ಹೋಗುತ್ತಿರಲಿಲ್ಲ. ನಾನು ಅವನನ್ನು ಪ್ರೀತಿಸುತ್ತಿದ್ದೆ. ಈ ಒಂದು ಸಾಲು ಬರೆಯಲು ನನಗೆ ಇಷ್ಟು ವಯಸ್ಸಾಗಬೇಕಾಯಿತು.

ನನ್ನ ಖೋಲಿಗೂ ಮನೆಯ ಮಾಲಕಿ ಕಾಕೂನ ದೇವರ ಮನೆಗೂ ನಡುವೆ ಇದ್ದದ್ದು ಒಂದು ಹಲಗೆಯ ಗೋಡೆ. ನಾನು ಕೆಮ್ಮಿದರೆ ಕಾಕೂ ಆಚೆಯಿಂದ “ಶುಂಠಿ ಕಷಾಯ ಕುಡಿಯೋ” ಅನ್ನುತ್ತಿದ್ದರು. ಅವನದೋ ಬೇಲೂರಿನಲ್ಲಿ ಆರು ಮಂದಿ ಕೆಲಸಗಾರರ ಕೂಡ ಒಂದೇ ಖೋಲಿ. ಹಾಗಾಗಿ ರವಿವಾರ ಸಂಜೆ ಊರಾಚೆಯ ಕೆರೆಯ ಕಡೆ ತಿರುಗಾಡಲು ಹೋಗುತ್ತಿದ್ದೆವು. ಏರಿಯ ತುದಿಗೆ ಯಾರೂ ಬಳಸದ ಪಂಪಿನ ಕೋಣೆಯೊಂದಿತ್ತು. ಅದರ ಹಿಂದೆ ಒಂದು ಕಲ್ಲು. ಮೂರು ವರ್ಷ ನಮ್ಮ ಸಂಸಾರವೆಲ್ಲ ಆ ಕಲ್ಲಿನ ಮೇಲೆ. ಹೆಚ್ಚಿನ ದಿನ ಮಾತೇ. ಅವನಿಗೆ ಫೋರ್‌ಮನ್ನನ ಮೇಲೆ ಸಿಟ್ಟು, ನನಗೆ ಕೋರ್ಟಿನ ಶಿರಸ್ತೇದಾರನ ಮೇಲೆ. ಇಬ್ಬರೂ ಮನಸಾರೆ ಬಯ್ದು ಹಗುರಾಗಿ ಮನೆಗೆ ಹೋಗುತ್ತಿದ್ದೆವು.

ತೊಂಬತ್ತಾರರ ಒಂದು ರವಿವಾರ, ಸೂರ್ಯ ಈಗಷ್ಟೇ ಮುಳುಗಿದ್ದ, ಏರಿಯ ಮೇಲೆ ಸೀಟಿ ಕೇಳಿಸಿತು. ಇಬ್ಬರು ಪೊಲೀಸರು. ಅವನ ಕೈ ನನ್ನ ಹೆಗಲ ಮೇಲಿತ್ತು, ಅಂಗಿ ಬಿಚ್ಚಿತ್ತು. ನಾನು ಏನು ಮಾಡಿದೆ ಅಂದರೆ, ಕಾಲಿಗೆ ಬುದ್ಧಿ ಹೇಳಿದೆ. ಅವನು ಚಪ್ಪಲಿ ಬಿಟ್ಟು ಕೂತಿದ್ದ, ಎದ್ದು ಹುಡುಕುವಷ್ಟರಲ್ಲಿ ಹಿಡಿದರು. ಅವನು ನನ್ನನ್ನು ಕೂಗಲಿಲ್ಲ. ಜಾಲಿಗಿಡಗಳ ನಡುವೆ ಓಡುವಾಗ ನನಗೆ ಕೇಳಿಸಿದ್ದು ಒಂದು ಏಟಿನ ಸದ್ದು, ಆಮೇಲೆ ಅವನ ಧ್ವನಿ. “ಗೊತ್ತಿಲ್ಲರಿ. ಖರೇ ಗೊತ್ತಿಲ್ಲರಿ, ಯಾರೋ ಏನೋ.”

ಮರುದಿನ ಬೆಳಿಗ್ಗೆ ಆಫೀಸು ತೆರೆಯುವ ಹೊತ್ತಿಗೆ ಬೆಂಚಿನ ಮೇಲೆ ಪಟಗ ಸುತ್ತಿದ ಒಬ್ಬ ಹಿರಿಯರು ಕೂತಿದ್ದರು. ಅವನ ಕಾಕಾ. ತಂದೆಯಿಲ್ಲದ ಅವನನ್ನು ಸಾಕಿದವರು. ಅವನಿಗೆ ಗೊತ್ತಿದ್ದ ವಕೀಲರೆಂದರೆ ನಮ್ಮ ಸಾಹೇಬರೊಬ್ಬರೇ, ಆ ಅಫಿಡವಿಟ್ಟಿನ ಪುಣ್ಯದಿಂದ. ಕಾಕಾ ತಲೆ ಎತ್ತದೆ ಹೇಳಿದರು, “ನಮ್ಮ ಹುಡುಗ ಅಂಥಾವಲ್ಲರಿ. ಯಾವನೋ ಮೂಳ ಕರ್ಕೊಂಡು ಹೋಗಿ ಕೆಡಿಸ್ಯಾನ.” ನಾನು ಅವರಿಗೆ ನೀರು ತಂದುಕೊಟ್ಟೆ.

ಸಾಹೇಬರು ಠಾಣೆಗೆ ಹೋಗಿ ಹನ್ನೊಂದಕ್ಕೆ ಬಂದರು. ಇನ್ಸ್‌ಪೆಕ್ಟರ್ ಮುನ್ನೂರ ಎಪ್ಪತ್ತೇಳು ಹಾಕುತ್ತೇನೆ ಅಂತ ಕೂತಿದ್ದಾನೆ, ಹಾಕಿದರೆ ಪೇಪರಿನಲ್ಲಿ ಬರುತ್ತದೆ, ಕೆಲಸ ಹೋಗುತ್ತದೆ, ಜಾಮೀನಿಗೂ ತಿರುಗಬೇಕು ಎಂದು ಕಾಕಾನಿಗೆ ಹೇಳಿದರು. ಮುಚ್ಚಳಿಕೆ ಬರೆದುಕೊಟ್ಟರೆ ಬಿಡುತ್ತಾನಂತೆ. ಕಾಕಾ ಕೈ ಮುಗಿದರು. ಸಾಹೇಬರು ನನ್ನ ಕಡೆ ತಿರುಗಿದರು.

“ತಗೋ. ಮೂರು ಪ್ರತಿ.”

ಎರಡು ಕಾರ್ಬನ್ ಇಟ್ಟು ಮೂರು ಹಾಳೆ ಏರಿಸಿದೆ. ಅವರು ಅಡ್ಡಾಡುತ್ತ ಹೇಳಿದರು, ನಾನು ಹೊಡೆದೆ. ಸದರಿ ದಿನ ಕೆರೆಯ ಏರಿಯ ಬಳಿ ಅಸಭ್ಯ ರೀತಿಯಲ್ಲಿ ಇದ್ದದ್ದು ನಿಜವಿದ್ದು, ಇನ್ನು ಮುಂದೆ ನಾನು ಧಾರವಾಡ ಶಹರದ ಹದ್ದಿನಲ್ಲಿ ವಾಸಿಸುವುದಿಲ್ಲ, ಅಲೆದಾಡುವುದಿಲ್ಲ, ಅಂಥ ಜನರ ಸಹವಾಸ ಮಾಡುವುದಿಲ್ಲ. ಸದರಿ ಸ್ಥಳದಲ್ಲಿ ನನ್ನೊಂದಿಗಿದ್ದ ಅಪರಿಚಿತ ವ್ಯಕ್ತಿಯು ಓಡಿಹೋಗಿದ್ದು, ಆತನ ಹೆಸರು ವಿಳಾಸ ನನಗೆ ತಿಳಿದಿರುವುದಿಲ್ಲ.

ಒಂದು ತಪ್ಪೂ ಆಗಲಿಲ್ಲ. ಸಾಹೇಬರು ಓದಿ, ಛಲೋ ಆಗ್ಯದ ಅಂದು, ಠಾಣೆಗೆ ಹೋಗಿ ಸಹಿ ಮಾಡಿಸಿಕೊಂಡು ಬಾ ಎಂದು ನನ್ನನ್ನೇ ಕಳಿಸಿದರು. ದಿನಾ ನಾನೇ ತಾನೇ ಹೋಗುತ್ತಿದ್ದದ್ದು?

ಅವನು ಗೋಡೆಗೆ ಒರಗಿ ನೆಲದ ಮೇಲೆ ಕೂತಿದ್ದ. ಬರಿಗಾಲು. ಕೆಳತುಟಿ ಊದಿತ್ತು. ಅವನನ್ನು ಹಿಡಿದ ಪೊಲೀಸಪ್ಪನಿಗೆ ನನ್ನ ಗುರುತಿತ್ತು, ವಕೀಲರ ಗುಮಾಸ್ತನೆಂದು. ಉತ್ಸಾಹದಿಂದ ಹೇಳತೊಡಗಿದ.

“ಇವನ ಜೋಡಿ ಇನ್ನೊಬ್ಬಾಂವ ಇದ್ದಾರೀ ಗುಮಾಸ್ತರ. ಮೊಲ ಓಡಿಧಂಗ ಓಡಿದಾ ನೋಡ್ರಿ! ಮಾರಿ ನೋಡಾಕೂ ಬಿಡಲಿಲ್ಲ.”

“ಹೌದ್ರಿ?” ಅಂದೆ. ಪೊಲೀಸಪ್ಪ ನಕ್ಕ. ನಾನೂ ನಕ್ಕೆ.

ಕಾಗದಗಳನ್ನು ಮುಂದೆ ಹಿಡಿದೆ. “ಇಲ್ಲಿ ಸಹಿ ಮಾಡ್ರಿ.” ಅವನು ತಲೆ ಎತ್ತಿ ನನ್ನನ್ನು ನೋಡಿದ, ಎಂದೂ ಕಂಡಿಲ್ಲದವನನ್ನು ನೋಡುವಂತೆ. “ಮೂರೂದ್ರಾಗ ಮಾಡ್ಲೇನ್ರಿ?” “ಹೌದ್ರಿ, ಮೂರೂದ್ರಾಗ.” ಮಾಡಿದ. ಒಂದು ಠಾಣೆಗೆ, ಒಂದು ಕಾಕಾನಿಗೆ, ಒಂದು ನಮ್ಮ ಆಫೀಸಿಗೆ. ಹೊರಗೆ ಬಂದು ಸೈಕಲ್ ಹತ್ತಿದೆ. ಅಳು ಬರುತ್ತದೆ ಅಂದುಕೊಂಡಿದ್ದೆ, ಬರಲಿಲ್ಲ. ಖಾನಾವಳಿಗೆ ಹೋಗಿ ಎರಡು ರೊಟ್ಟಿ ತಿಂದೆ, ಬದನೆಕಾಯಿ ಪಲ್ಯ ಇತ್ತು, ಇನ್ನಷ್ಟು ಹಾಕಿಸಿಕೊಂಡೆ. ನನ್ನ ಬಗ್ಗೆ ನನಗೆ ಅಸಹ್ಯ ಬಂದದ್ದು ವಾರದ ಮೇಲೆ, ಅದೂ ಸ್ವಲ್ಪವೇ.

ಅವನ ಬೇಲೂರಿನ ಕೆಲಸ ಹೇಗೂ ಹೋಯಿತು. ಮುಂದಿನ ವರ್ಷ ಕಾಕಾ ಯಾವುದೋ ಹೊಲದ ಕಾಗದಕ್ಕೆ ಆಫೀಸಿಗೆ ಬಂದಾಗ, ಹುಡುಗ ಹುಬ್ಬಳ್ಳಿಯ ಆಚೆ ತಾರಿಹಾಳದಲ್ಲಿ ಒಂದು ಶೆಡ್ಡಿನಲ್ಲಿ ಲೇತ್ ನಡೆಸುತ್ತಿದ್ದಾನೆಂದು ಸಾಹೇಬರಿಗೆ ಹೇಳಿದರು. ಶೆಡ್ಡಿನ ಗುರುತನ್ನೂ ಹೇಳಿದರು. ನಾನು ಟೈಪ್ ಮಾಡುತ್ತ ಅದನ್ನು ಬಾಯಿಪಾಠ ಮಾಡಿಕೊಂಡೆ.

ಹೋಗಲಿಲ್ಲ. ಹುಬ್ಬಳ್ಳಿಯ ಕೋರ್ಟಿಗೆ ವಾರಕ್ಕೊಮ್ಮೆಯಾದರೂ ಹೋಗುತ್ತಿದ್ದೆ. ಬಸ್ ನಿಲ್ದಾಣದಲ್ಲಿ ತಾರಿಹಾಳದ ಬೋರ್ಡು ಹಾಕಿದ ಬಸ್ಸು ನಿಂತಿರುತ್ತಿತ್ತು. ಕಂಡಕ್ಟರ್ ಕೂಗುತ್ತಿದ್ದ. ಅವನೇನೋ ಬರೆದುಕೊಟ್ಟಿದ್ದಾನೆ, ಈಗ ಹೋಗಿ ಅವನನ್ನು ಮತ್ತೆ ಗಂಡಾಂತರಕ್ಕೆ ದೂಡುವುದೇ? ಹೀಗೆ ಅಂದುಕೊಂಡು ಧಾರವಾಡದ ಬಸ್ಸು ಹತ್ತುತ್ತಿದ್ದೆ. ಅದು ಒಳ್ಳೆಯತನ ಅಂತಲೇ ನನ್ನ ಭಾವನೆ. ಊರಿನಲ್ಲಿ ಅವ್ವ ಹೆಣ್ಣು ನೋಡುವ ಮಾತು ತೆಗೆದಾಗ ಜಾತಕದಲ್ಲಿ ದೋಷವಿದೆ ಅಂದೆ. ಯಾವ ದೋಷ ಅಂತ ಕೇಳಿದಳು. ಭಾಳ ದೊಡ್ಡದು ಅಂದೆ. ಕಾಕೂ ಕೂಡ ಕೆಲವು ವರ್ಷ “ಲಗ್ನ ಯಾವಾಗೋ” ಅಂತ ಕೇಳಿ ಕೇಳಿ ಬೇಸತ್ತು ಬಿಟ್ಟರು. ನನಗೆ ಸಿಟ್ಟು ಬರುತ್ತಿತ್ತು. ಬಂದು, ಕೂತು, ತಾನೇ ಎದ್ದು ಹೋಗುತ್ತಿತ್ತು.

ಆ ಕಲಮಿನ ಬಗ್ಗೆ ಪೇಪರಿನಲ್ಲಿ ಏನಾದರೂ ಬಂದರೆ ಮಾತ್ರ ಕತ್ತರಿಸಿ, ಪುಸ್ತಕದಲ್ಲಿ ಅದೇ ಪುಟದ ನಡುವೆ ಇಡುತ್ತಿದ್ದೆ. ತೊಂಬತ್ನಾಲ್ಕರಲ್ಲೇ ದೆಹಲಿಯಲ್ಲಿ ಇದರ ಮೇಲೆ ಒಂದು ಅರ್ಜಿ ಬಿದ್ದು, ಹಾಗೇ ತಣ್ಣಗಾಗಿತ್ತಂತೆ. ಎರಡು ಸಾವಿರದ ಒಂದರಲ್ಲಿ ಏಡ್ಸ್ ತಡೆಯುವ ಕೆಲಸ ಮಾಡುವವರು ಮತ್ತೊಂದು ಹಾಕಿದರು. ಜನ ಪೊಲೀಸರಿಗೆ ಹೆದರಿ ಅಡಗಿಕೊಂಡರೆ ನಾವು ಔಷಧ ಯಾರಿಗೆ ಮುಟ್ಟಿಸುವುದು ಅನ್ನುವುದು ಅವರ ವಾದ. ಎಷ್ಟು ಸೀದಾ ಮಾತು! ನಾಲ್ಕರಲ್ಲಿ ಅದನ್ನೂ ವಜಾ ಮಾಡಿದರು. ಆರರಲ್ಲಿ ಮೇಲಿನ ಕೋರ್ಟು, ಹಾಗೆ ತಳ್ಳಿಹಾಕಬೇಡಿ, ಕೇಳಿ ತೀರ್ಪು ಕೊಡಿ ಅಂತ ವಾಪಸು ಕಳಿಸಿತು. ಡಾಕ್ಟರರು, ತಾಯಂದಿರು, ಹೆಸರು ಮುಖ ಮುಚ್ಚಿಕೊಳ್ಳದ ಹುಡುಗರು, ಬಹಳ ಮಂದಿ ಎದ್ದು ನಿಂತು ಮಾತಾಡುತ್ತಿದ್ದರು. ನಾನು ಕತ್ತರಿ ಹಿಡಿದು ಅವರನ್ನು ಚೌಕಾಕಾರವಾಗಿ ಕತ್ತರಿಸುತ್ತಿದ್ದೆ. ನನ್ನ ಹೋರಾಟ ಅಷ್ಟೇ.

ಎರಡು ಸಾವಿರದ ಒಂಬತ್ತರ ಜುಲೈ ತಿಂಗಳ ಮೊದಲ ವಾರ ದೆಹಲಿಯ ಕೋರ್ಟು ತೀರ್ಪು ಕೊಟ್ಟಿತು. ವಯಸ್ಸಿಗೆ ಬಂದ ಇಬ್ಬರು ಒಪ್ಪಿ, ಏಕಾಂತದಲ್ಲಿ ಕೂಡಿದರೆ ಅದು ಅಪರಾಧವಲ್ಲ. ಮರುದಿನದ ಪೇಪರನ್ನು ಸಾಹೇಬರು ಎರಡು ಸಲ ಓದಿದರು. ಅವರಿಗಾಗ ಎಪ್ಪತ್ತು ದಾಟಿತ್ತು.

“ದಿಲ್ಲಿ ಕೋರ್ಟಿನ ಮಾತು ಇಲ್ಲೆ ಎಷ್ಟು ನಡೀತದೋ ನೋಡಬೇಕು. ಆದ್ರೂ ಇರಲಿ, ಒಂದು ಚೀಟಿ ಹಚ್ಚಿಬಿಡು,” ಅಂದರು. “ಆ ಪುಸ್ತಕ ಇಲ್ಲೆ ಕೊಡು.”

ಕೊಡದೆ ವಿಧಿಯಿರಲಿಲ್ಲ. ಅವರು ಆ ಪುಟ ತೆರೆದರು. ಕತ್ತರಿಸಿದ ಕಾಗದಗಳು ಮಡಿಲಿಗೆ ಬಿದ್ದವು, ಎಂಟು ವರ್ಷದವು, ಕೆಲವು ಹಳದಿಯಾಗಿದ್ದವು. ಸಾಹೇಬರು ಒಂದೊಂದನ್ನೇ ನೋಡಿ, ಅಂಚು ಸರಿಮಾಡಿ, ಬಂದ ಕ್ರಮದಲ್ಲೇ ಮತ್ತೆ ಪುಸ್ತಕದಲ್ಲಿಟ್ಟರು. ಅದನ್ನು ನೋಡಿ ನನಗೆ ಧೈರ್ಯ ಬಂತೋ, ಬುದ್ಧಿ ಕೆಟ್ಟಿತೋ, ಕೇಳಿಬಿಟ್ಟೆ.

“ಸಾಹೇಬ್ರ, ಇದರ ಸಲುವಾಗಿ ಹಿಂದ ನಾವೊಂದು ಮುಚ್ಚಳಿಕಿ ಬರದಿದ್ವಿ. ತೊಂಬತ್ತಾರರಾಗ. ಬೇಲೂರಿನ ಟರ್ನರಂದು.”

“ಹಾಂ, ಕೆರೀ ದಂಡಿ. ಅದಕ್ಕೇನಾತು?”

“ಅದೂ ರದ್ದಾಕ್ಕೈತೇನ್ರಿ?”

“ಜೀವ ಇದ್ದದ್ದನ್ನ ರದ್ದು ಮಾಡಬೇಕಲ್ಲೋ! ತಹಸೀಲ್ದಾರರ ಮುಂದ ಬರಕೊಟ್ಟ ಮುಚ್ಚಳಿಕಿನೂ ಭಾಳಂದ್ರ ಒಂದು ವರ್ಷ ನಡೀತದ. ಇದು ಠಾಣೆದಾಗ ಕೊಟ್ಟದ್ದು, ಇದಕ್ಕೇನು ಕಿಮ್ಮತ್ತು? ಆ ಇನ್ಸ್‌ಪೆಕ್ಟರನ ಬಾಯಿ ಮುಚ್ಚಿಸ್ಲಿಕ್ಕೆ ಅವಧಿ ಹಾಕಸಲಿಲ್ಲ, ಅಷ್ಟ. ಇಷ್ಟು ವರ್ಷ ಇಲ್ಲೆ ಕೂತು ಇದ ಗೊತ್ತಿಲ್ಲೇನು ನಿನಗ?”

ಗೊತ್ತಿತ್ತು. ಬದುವಿನ ಜಗಳ, ಅಣ್ಣತಮ್ಮರ ಹೊಡೆದಾಟ, ಗಣಪತಿ ಮೆರವಣಿಗೆಯ ಗಲಾಟೆ, ಇಂಥವಕ್ಕೆ ನಾನು ನೂರಾರು ಮುಚ್ಚಳಿಕೆ ಹೊಡೆದಿದ್ದೆ. ಎಲ್ಲದರಲ್ಲೂ ಒಂದು ವರ್ಷದ ಅವಧಿಗೆ ಅಂತ ಇರುತ್ತಿತ್ತು. ಇದೊಂದರಲ್ಲಿ ಆ ಸಾಲು ಇರಲಿಲ್ಲ. ಟೈಪ್ ಆಗದೇ ಇದ್ದದ್ದು ಇಲ್ಲವೇ ಇಲ್ಲ ಎಂದು ನಂಬುವುದು ನಮ್ಮಂಥ ಗುಮಾಸ್ತರ ರೋಗ. ಇದು ಸಾಯುವವರೆಗೆ ಅಂತ ನಾನು ನಂಬಿಬಿಟ್ಟಿದ್ದೆ. ಹದಿಮೂರು ವರ್ಷ.

ಸಾಹೇಬರು ಪೇಪರು ಮಡಚಿದರು. “ಮುಗದುಹೋದ ಕೇಸು ತಿರುಗಿ ತೆಗೆಯಂಗಿಲ್ಲ ಅಂತನೂ ಹೇಳ್ಯಾರ ತೀರ್ಪಿನಾಗ. ಚೀಟಿ ಒಂದ ಅಂಚಿಗೆ ಹಚ್ಚು. ಹಳೇದು ಕಾಣಬೇಕು.” ಪುಸ್ತಕವನ್ನು ನನ್ನ ಕೈಗೆ ಕೊಡುತ್ತ, “ಮಧ್ಯಾಹ್ನ ಏನೂ ಕೆಲಸ ಇಲ್ಲ. ಬೇಕಾದ್ರ ಅರ್ಧಾ ದಿನ ರಜಾ ತಗೋ,” ಅಂದರು. ಅವರಿಗೆ ಎಷ್ಟು ಗೊತ್ತಿತ್ತೋ ನನಗೆ ಇವತ್ತಿಗೂ ಗೊತ್ತಿಲ್ಲ.

ಚೀಟಿ ಅಂಟಿಸಿದೆ. ಹಳೆಯ ಕಡತದಿಂದ ಮುಚ್ಚಳಿಕೆಯ ನಮ್ಮ ಪ್ರತಿಯನ್ನು ತೆಗೆದು ಅಂಗಿಯ ಜೇಬಿನಲ್ಲಿಟ್ಟುಕೊಂಡೆ. ಕೊನೆಯ ಕಾರ್ಬನ್ನಿನ ಪ್ರತಿ, ಅಕ್ಷರಗಳು ಮಸುಕಾಗಿದ್ದವು. ಹುಬ್ಬಳ್ಳಿಯಲ್ಲಿಳಿದು ತಾರಿಹಾಳದ ಬಸ್ಸು ಹತ್ತಿದೆ. ಕೂತಾಗ ಅನ್ನಿಸಿದ್ದು, ಸೀಟು ಹರಿದಿದೆ ಅಂತ, ಅಷ್ಟೇ. ಇಷ್ಟು ವರ್ಷ ನೋಡಿದ ಬಸ್ಸು, ಒಳಗೆ ಹೀಗಿರುತ್ತದೆ ಅಂತ ಗೊತ್ತಿರಲಿಲ್ಲ.

ಶೆಡ್ಡು ಸಿಕ್ಕಿತು. ಒಂದು ಲೇತು, ಮೂಲೆಯಲ್ಲಿ ಸ್ಟೋವು, ಕಾಟಿನ ಮೇಲೆ ಮಡಚಿಟ್ಟ ಹಾಸಿಗೆ. ಅವನು ಬಗ್ಗಿ ಕೆಲಸ ಮಾಡುತ್ತಿದ್ದ. ಕೂದಲು ಅರ್ಧ ಬೆಳ್ಳಗಾಗಿತ್ತು. ನನ್ನನ್ನು ನೋಡಿ ಲೇತು ನಿಲ್ಲಿಸಿದ. ಅದು ತಿರುಗಿ ತಿರುಗಿ ಪೂರಾ ನಿಲ್ಲುವವರೆಗೂ ಮಾತಾಡಲಿಲ್ಲ.

“ಏನಪಾ. ಹಾದಿ ತಪ್ಪಿ ಬಂದ್ಯೇನ?”

“ಇಲ್ಲ. ನಿನ್ನ ಕಡೇನ ಬಂದೆ.”

“ಕೂಡು. ಚಹಾ ಮಾಡತೇನಿ.” ಸ್ಟೋವು ಹಚ್ಚುತ್ತ ಕೇಳಿದ, “ಲಗ್ನ ಆದಿಯೇನು?”

“ಇಲ್ಲ.”

“ನಾನೂ ಇಲ್ಲ.” ಸಕ್ಕರೆ ಎಷ್ಟು ಅಂತ ಕೇಳದೆ ಎರಡು ಚಮಚ ಹಾಕಿದ, ಸರಿಯಾಗಿ.

ನಾನು ಜೇಬಿನಿಂದ ಕಾಗದ ತೆಗೆದು ಗುಮಾಸ್ತನ ಹಾಗೆ ವಿವರಿಸತೊಡಗಿದೆ. ದೆಹಲಿಯ ತೀರ್ಪು ಹೀಗಿದೆ, ಕಲಮು ಈಗ ನಮ್ಮಂಥವರಿಗೆ ಹತ್ತುವುದಿಲ್ಲ, ಇನ್ನು ಈ ಮುಚ್ಚಳಿಕೆಗೆ ಬೆಲೆಯಿಲ್ಲ, ಮೊದಲೇ ಇರಲಿಲ್ಲವಂತೆ, ಅವಧಿ ಒಂದೇ ವರ್ಷವಂತೆ, ನನಗೆ ಇವತ್ತೇ ತಿಳಿದದ್ದು, ನೀನು ಯಾವಾಗ ಬೇಕಾದರೂ ಧಾರವಾಡಕ್ಕೆ ಬರಬಹುದು. ಮಾತಿನ ಮೇಲೆ ಮಾತು. ಹದಿಮೂರು ವರ್ಷದ್ದನ್ನು ಕಾನೂನಿನ ಮೇಲೆ ಹೊರಿಸಿ ಇಳಿಸಿಬಿಡುವ ಆತುರ ನನಗೆ.

ಅವನು ವೇಸ್ಟ್ ನೂಲಿನಿಂದ ಬೆರಳೊಂದೊಂದನ್ನೇ ಒರೆಸಿಕೊಳ್ಳುತ್ತ ಪೂರ್ತಿ ಕೇಳಿದ.

“ವರ್ಷದ್ದ ಐತಿ ಅಂತ ನನಗ ಗೊತ್ತಿತ್ತು,” ಅಂದ. “ಅದರ ಮುಂದಿನ ವರ್ಷನ ಇಲ್ಲೊಬ್ರು ವಕೀಲರ ಕಡೆ ಕೇಳಿದ್ದೆ.”

“ಮತ್ತ ಬರಲಿಲ್ಲ ಯಾಕ?”

ಅವನು ಕಾಗದ ಇಸಿದುಕೊಂಡ. ಬಾಗಿಲ ಬೆಳಕಿಗೆ ಹಿಡಿದು, ಕಪ್ಪು ಉಗುರಿನ ಬೆರಳನ್ನು ಒಂದೊಂದು ಸಾಲಿನ ಕೆಳಗೂ ಇಟ್ಟು ಕಡೆಯವರೆಗೆ ಓದಿದ. ಅಪರಿಚಿತ ವ್ಯಕ್ತಿ ಅನ್ನುವಲ್ಲಿ ಬೆರಳು ನಿಂತಿತು.

“ಧಾರವಾಡಕ್ಕ ಬರಂಗಿಲ್ಲ ಅಂತ ಬರಕೊಟ್ಟಾಂವ ನಾನು. ಇದರಾಗ ನಿನ್ನ ಹೆಸರ ಇಲ್ಲ ನೋಡು.” ಧ್ವನಿ ಏರಿಸಲಿಲ್ಲ. “ಹುಬ್ಬಳ್ಳಿಗೆ ಬರಬ್ಯಾಡ ಅಂತ ನಿನಗ ಯಾರ ಬರಿಸಿಕೊಂಡಿದ್ರು?”

ನಾನು ಕಾಗದಕ್ಕೆ ಕೈ ಚಾಚಿದೆ.

“ಚಹಾ ಕುಡಿ, ಆರತೈತಿ,” ಅಂದ. ಕಾಗದವನ್ನು ಇದ್ದ ಮಡಿಕೆಯಲ್ಲೇ ಮಡಚಿ ನನ್ನ ಜೇಬಿಗೆ ತಾನೇ ಇಟ್ಟ. ಹೋಗಿ ಲೇತು ಶುರು ಮಾಡಿದ. ಚಹಾ ಕುಡಿದು, ಕಪ್ಪು ತೊಳೆದಿಟ್ಟು, ಸ್ವಲ್ಪ ಹೊತ್ತು ನಿಂತಿದ್ದೆ. ಅವನು ತಿರುಗಲಿಲ್ಲ.

ರಸ್ತೆಗೆ ಬಂದಾಗ ಬಸ್ಸು ನಿಂತೇ ಇತ್ತು. ಹುಬ್ಬಳ್ಳಿಯಲ್ಲಿ ಇಳಿದು ಧಾರವಾಡದ್ದಕ್ಕೆ ಹತ್ತಿದೆ, ಕೂಡಲು ಜಾಗವೂ ಸಿಕ್ಕಿತು. ಆಫೀಸಿನ ಬಾಗಿಲಿಗೆ ಬಂದು ಗೋಡೆಯ ಗಡಿಯಾರ ನೋಡಿದೆ. ಅವನ ಶೆಡ್ಡಿನಿಂದ ನನ್ನ ಮೇಜಿಗೆ, ನಡುವೆ ಬಸ್ಸು ಬದಲಿಸಿದ್ದೂ ಸೇರಿ, ಒಂದೂ ಕಾಲು ತಾಸು ಹಿಡಿದಿತ್ತು.